ಅಜ್ಜಿಯ ಹೆಸರೂ ಮೊಮ್ಮಗಳ ಹೆಸರೂ

ಕೆಲವು ವಾರಗಳ ಹಿಂದೆ, ಭಾನುವಾರದ ಎರಡನೆಯ ಬಲಿಪೂಜೆ ಮುಗಿದ ಮೇಲೆ, ಯುವ ದಂಪತಿಗಳಿಬ್ಬರು ನಮ್ಮ ಕಚೇರಿಗೆ ಬಂದರು. ಹೆರಿಗೆಗೆಂದು ಊರಿಗೆ ಬಂದಿದ್ದ ಪತ್ನಿ, ಕುವೈತಿನಿಂದ ಒಂದು ತಿಂಗಳ ರಜೆ ಪಡೆದು ಬಂದಿದ್ದ ಪತಿ, ಐದು ತಿಂಗಳ ಹೆಣ್ಣುಮಗು. ಜ್ಞಾನಸ್ನಾನಕ್ಕೆ ದಿನ ಗೊತ್ತುಮಾಡಬೇಕಾಗಿತ್ತು. ಮಗುವಿನ ಹೆಸರೇನೆಂದು ನಾವು ಕೇಳುವ ಮೊದಲೇ ತಂದೆಯವರು ಫೈಲಿನಿಂದ ಜನನ ಪ್ರಮಾಣಪತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಕಿಯಾರಾ ಎಂದಿತ್ತು.

ಮಗುವಿನ ಅಜ್ಜಿ, ಎಂದರೆ ತಂದೆಯ ತಾಯಿ, ಒಳಗೆ ಬಂದಿರಲಿಲ್ಲ. ಹೊರಗೆ ಜಗಲಿಯ ಬೆಂಚಿನ ಮೇಲೆ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಮಳೆಯಿರಲಿ ಬಿಸಿಲಿರಲಿ ಬೆಳಗಿನ ಪೂಜೆಯನ್ನು ತಪ್ಪಿಸಿದವರಲ್ಲ. ಅವರ ಹೆಸರು ನತಾಲಿಯಾ. "ಒಳಗೆ ಬನ್ನಿ ಬಾಯಿ" ಎಂದು ಕರೆದೆವು. "ನನಗೆ ಅಲ್ಲೇನು ಕೆಲಸ ಫಾದರ್? ಎಲ್ಲ ಬರೆಸಿ ಆಗಿದೆಯಲ್ಲ" ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಸುಲಭವಾಗುತ್ತಿತ್ತು.

ಕರಾವಳಿಯ ಕೊಂಕಣಿ ಕಥೋಲಿಕ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಆ ಮಾತಿನ ಹಿಂದಿರುವುದನ್ನು ವಿವರಿಸಬೇಕಾಗಿಲ್ಲ. ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರು, ಎರಡನೆಯವಳಿಗೆ ತಾಯಿಯ ತಾಯಿಯ ಹೆಸರು. ಅನಂತರ ಹುಟ್ಟಿದವರಿಗೆ ಜ್ಞಾನತಾಯಿಯದೋ ಹುಟ್ಟಿದ ದಿನದ ಸಂತರದೋ ಹೆಸರು. ಇದು ಅನೇಕ ತಲೆಮಾರುಗಳ ಕಾಲ ನಡೆದುಬಂದ ಕ್ರಮ. ಇದರಿಂದಾಗಿ ಕೆಲವೇ ಹೆಸರುಗಳು ಒಂದೇ ಮನೆಯಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಒಂದೇ ವಾಳೆಯಲ್ಲಿ ಮೂವರು ಮೇರಿಯರಿದ್ದರೆ ಮೇಲಿನ ಮನೆಯ ಮೇರಿ, ಗದ್ದೆಬದಿಯ ಮೇರಿ, ಟೈಲರನ ಮೇರಿ ಎಂದು ಕರೆದು ಜನರು ತಮ್ಮ ಕೆಲಸ ಸಾಗಿಸುತ್ತಿದ್ದರು. ಹೆಸರು ಬೇರೆಯಾಗಿರಬೇಕೆಂಬ ಆಸೆ ಯಾರಿಗೂ ಇದ್ದಂತೆ ತೋರುವುದಿಲ್ಲ. ಇಂದಿನ ತಂದೆತಾಯಿಯರ ಮೊದಲನೆಯ ಆಸೆಯೇ ಅದು: ತರಗತಿಯಲ್ಲಿ ಇನ್ನೊಬ್ಬಳಿಗೆ ಆ ಹೆಸರು ಇರಬಾರದು.

ನಾವು ಸೇವೆ ಸಲ್ಲಿಸಿದ ಧರ್ಮಕೇಂದ್ರಗಳಲ್ಲಿ ಜ್ಞಾನಸ್ನಾನದ ಹಳೆಯ ಪುಸ್ತಕಗಳನ್ನು ಓದುವ ಅಭ್ಯಾಸ ನಮಗೆ ಮೊದಲಿನಿಂದಲೂ ಇದೆ. ಯಾರಿಗೋ ಪ್ರಮಾಣಪತ್ರ ಬರೆದುಕೊಡಲು ತೆರೆದ ಪುಸ್ತಕವನ್ನು ಮುಚ್ಚಲು ಮನಸ್ಸಾಗದೆ ಮಧ್ಯಾಹ್ನದ ಊಟ ತಡವಾದದ್ದುಂಟು. ಹೆಣ್ಣುಮಕ್ಕಳ ಹೆಸರುಗಳನ್ನಷ್ಟೇ ನೋಡುತ್ತ ಹೋದರೂ ನಮ್ಮ ಜನರ ಚರಿತ್ರೆ ಪದರ ಪದರವಾಗಿ ಕಾಣುತ್ತದೆ. ಎಲ್ಲಕ್ಕಿಂತ ಕೆಳಗಿನ ಪದರ ಗೋವೆಯ ಮೂಲಕ ಬಂದ ಪೋರ್ಚುಗೀಸರದು. ಪಿಯೆದಾದ್ ಎಂಬ ಹೆಸರು ನಮ್ಮವರ ನಾಲಗೆಯಲ್ಲಿ ಪಿಯಾದ್ ಆಯಿತು. ಭಕ್ತಿ, ಕರುಣೆ ಎಂದು ಅದರ ಅರ್ಥ. ನತಾಲಿಯಾ ಎಂದರೆ ಪ್ರಭುವಿನ ಜನನಕ್ಕೆ, ಕ್ರಿಸ್ಮಸ್ಸಿಗೆ ಸೇರಿದವಳು. ಯಾವುದೋ ಕಾಲದಲ್ಲಿ ಡಿಸೆಂಬರಿನಲ್ಲಿ ಹುಟ್ಟಿದ ಒಬ್ಬ ಮುತ್ತಜ್ಜಿಗೆ ಇಟ್ಟ ಈ ಹೆಸರು, ಕ್ರಮ ತಪ್ಪದೆ ಇಳಿದು ಬಂದು, ಆಟಿಯ ಜಡಿಮಳೆಯಲ್ಲಿ ಹುಟ್ಟಿದ ಮೊಮ್ಮಗಳಿಗೂ ಸಿಕ್ಕಿತು. ಮೊಂತಿ ಎಂಬ ಹೆಸರಂತೂ ನಮ್ಮ ನೆಲದ್ದೇ ಎನ್ನಬೇಕು. ಪೋರ್ಚುಗೀಸ್ ಭಾಷೆಯಲ್ಲಿ ಮೊಂತೆ ಎಂದರೆ ಬೆಟ್ಟ. ನೇತ್ರಾವತಿಯ ಬದಿಯ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ, ಮರಿಯಮ್ಮನವರ ಬೆಟ್ಟ, ಇದೆ. ಸೆಪ್ಟೆಂಬರ್ 8ರಂದು ಹೂವು ಅರ್ಪಿಸಿ ಹೊಸ ತೆನೆಯ ಊಟ ಮಾಡುವ ಹಬ್ಬವೇ ಮೊಂತಿ ಹಬ್ಬ. ಆ ಹೆಸರಿನ ಅಜ್ಜಿಯರು ನಮ್ಮ ಬಾಲ್ಯದಲ್ಲಿ ಊರಿಗೆ ಹತ್ತು ಮಂದಿ ಇದ್ದರು. ಇಂದು ಆ ಹೆಸರನ್ನು ನಾವು ಹೆಚ್ಚಾಗಿ ಓದುವುದು ಸಮಾಧಿಯ ಕಲ್ಲುಗಳ ಮೇಲೆ.

ಅದರ ಮೇಲಿನ ಪದರ ಇಂಗ್ಲಿಷಿನದು. ಅಪೊಸ್ತಲಿಕ್ ಕಾರ್ಮೆಲ್ ಸಹೋದರಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಅವರ ಸಂತ ಆಗ್ನೆಸ್ ಕಾಲೇಜು ಆರಂಭವಾದದ್ದು 1921ರಲ್ಲಿ. ಹುಡುಗಿಯರು ಶಾಲೆಗೆ ಹೋದಂತೆ ಲುಜಿಯಾ ಲೂಸಿಯಾದಳು, ಮರಿಯಾ ಮೇರಿಯಾದಳು, ಮಗ್ದಲೆನಾ ಮ್ಯಾಗಿಯಾದಳು. ಲೂಸಿ, ಲಿಲ್ಲಿ, ಹಿಲ್ಡಾ, ಐರಿನ್, ವಿನ್ನಿಫ್ರೆಡ್ ಇವೆಲ್ಲ ಒಂದು ಕಾಲದಲ್ಲಿ ಫ್ಯಾಶನ್ನಿನ ಹೆಸರುಗಳಾಗಿದ್ದವೆಂಬುದನ್ನು ಇಂದಿನ ಅಜ್ಜಿಯರು ಮರೆತಿದ್ದಾರೆ. ಮೊಂತಿಯೆಂಬ ಅತ್ತೆಯ ಕಣ್ಣಿಗೆ ಹಿಲ್ಡಾ ಎಂಬ ಹೆಸರು ಎಷ್ಟು ವಿಚಿತ್ರವಾಗಿ ಕಂಡಿದ್ದಿರಬೇಕು!

ಸಂತರ ಹೆಸರುಗಳಲ್ಲಿಯೂ ಕಾಲಕಾಲಕ್ಕೆ ಗಾಳಿ ಬದಲಾಗಿದೆ. ಲಿಸಿಯದ ತೆರೇಸಾಳನ್ನು ಸಂತಳೆಂದು ಘೋಷಿಸಿದ್ದು 1925ರಲ್ಲಿ, ಲೂರ್ದಿನ ಬರ್ನಡೆಟ್‌ಳನ್ನು 1933ರಲ್ಲಿ, ಮರಿಯಾ ಗೊರೆಟ್ಟಿಯನ್ನು 1950ರಲ್ಲಿ. ಇಂಥ ಹೆಸರುಗಳು ಪುಸ್ತಕದಲ್ಲಿ ಗುಂಪುಗುಂಪಾಗಿ ಬರತೊಡಗಿದರೆ ಪುಟದ ಮೇಲಿನ ಇಸವಿಯನ್ನು ನೋಡದೆಯೇ ಕಾಲವನ್ನು ಊಹಿಸಬಹುದು. ಫಾತಿಮಾದ ಜಸಿಂತಾಳ ಕಥೆ ಇನ್ನೂ ಸ್ವಾರಸ್ಯವಾದದ್ದು. ನಮ್ಮ ಊರುಗಳಲ್ಲಿ ಅರುವತ್ತು ಎಪ್ಪತ್ತು ದಾಟಿದ ಜಸಿಂತಾಗಳು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಫಾತಿಮಾದ ಆ ಬಾಲಕಿಗೆ ಸಂತ ಪದವಿ ದೊರೆತದ್ದು 2017ರ ಮೇ 13ರಂದು. ಹೆಸರು ಮೊದಲು ಬಂತು, ಪದವಿ ಅನಂತರ ಬಂತು.

ಇದಕ್ಕೆ ತದ್ವಿರುದ್ಧವಾದದ್ದು ಫಿಲೋಮಿನಾಳದು. ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳಲ್ಲಿ 1802ರಲ್ಲಿ ದೊರೆತ ಎಲುಬುಗಳಿಂದ ಆರಂಭವಾದ ಆ ಭಕ್ತಿ, ಆರ್ಸ್ ಊರಿನ ಸಂತ ವಿಯಾನ್ನಿಯವರ ಉತ್ಸಾಹದಿಂದ ಜಗತ್ತಿಗೆಲ್ಲ ಹರಡಿತು. ಮೈಸೂರಿನ ಮಹಾದೇವಾಲಯವನ್ನು ಇಂದಿಗೂ ಜನರು ಗುರುತಿಸುವುದು ಆಕೆಯ ಹೆಸರಿನಿಂದ. ಪುತ್ತೂರಿನ ಕಾಲೇಜಿಗೂ ಆಕೆಯದೇ ಹೆಸರು. ಹೀಗಿರುವಾಗ 1961ರಲ್ಲಿ ರೋಮಿನಿಂದ ಆಜ್ಞೆ ಬಂದು, ಆಕೆಯ ಹಬ್ಬವನ್ನು ಪಂಚಾಂಗಗಳಿಂದ ತೆಗೆದುಹಾಕಲಾಯಿತು. ಆಕೆಯ ಜೀವನದ ವಿವರಗಳಿಗೆ ಚಾರಿತ್ರಿಕ ಆಧಾರ ಸಾಲದೆಂಬುದೇ ಕಾರಣ. ನಮ್ಮ ಫಿಲೋಮಿನಾಗಳೇನೂ ಹೆಸರು ಬದಲಿಸಲಿಲ್ಲ. ಅವರಿಗೆ ಆ ಹೆಸರು ರೋಮಿನಿಂದ ಬಂದದ್ದಾಗಿರಲಿಲ್ಲ, ಅತ್ತೆಯಿಂದಲೋ ಜ್ಞಾನತಾಯಿಯಿಂದಲೋ ಬಂದದ್ದಾಗಿತ್ತು.

1965ರಲ್ಲಿ ಮುಗಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಅನಂತರದ ಪುಟಗಳಲ್ಲಿ ಜ್ಯೋತಿ, ಶಾಂತಿ, ಪ್ರೀತಿ, ಆಶಾ, ಕರುಣಾ ಕಾಣತೊಡಗುತ್ತಾರೆ. ಹಿಂದೂ ಹೆಸರುಗಳನ್ನು ಇಡತೊಡಗಿದರೆಂದು ಆಗ ಗೊಣಗಿದವರಿದ್ದರು. ಆದರೆ ಲೂಸಿ ಎಂದರೂ ಬೆಳಕೇ, ಐರಿನ್ ಎಂದರೆ ಗ್ರೀಕಿನಲ್ಲಿ ಶಾಂತಿಯೇ, ಸ್ಟೆಲ್ಲಾ ಎಂದರೆ ತಾರೆಯೇ. ಹಳೆಯ ಮೈಸೂರಿನ ಕಡೆಯ ಕನ್ನಡ ಕಥೋಲಿಕರು ಈ ಕೆಲಸವನ್ನು ನಮಗಿಂತ ಬಹಳ ಮೊದಲೇ, ಯಾವ ಮಹಾಸಭೆಯನ್ನೂ ಕಾಯದೆ ಮಾಡಿದ್ದರು. ಸೆಮಿನರಿಯಲ್ಲಿ ನಮ್ಮ ಜತೆಗಿದ್ದ ಆ ಕಡೆಯ ಸ್ನೇಹಿತರ ತಾಯಂದಿರ, ಅಜ್ಜಿಯರ ಹೆಸರುಗಳು ಆರೋಗ್ಯಮ್ಮ, ಲೂರ್ದಮ್ಮ, ಅಂತೋಣಮ್ಮ ಎಂದಿದ್ದವು. ವೇಲಾಂಕಣಿಯ ಆರೋಗ್ಯಮಾತೆ ಅಲ್ಲಿ ಆರೋಗ್ಯಮ್ಮನಾಗಿದ್ದರು. ಲ್ಯಾಟಿನಿನಲ್ಲಿ ಪೌಲುಸ್ ಎಂದರೆ ಚಿಕ್ಕವನಾದ್ದರಿಂದ ಪೌಲನು ಚಿನ್ನಪ್ಪನಾಗಿದ್ದನು. ಕರಾವಳಿಯ ನಾವು ನಮ್ಮ ಪೋರ್ಚುಗೀಸ್ ಹೆಸರುಗಳ ಹೆಮ್ಮೆಯಲ್ಲಿ ಅವರನ್ನು ನೋಡಿ ನಕ್ಕದ್ದುಂಟು. ಇಂದು ಆ ನಗುವಿಗಾಗಿ ನಾಚಿಕೆಯಾಗುತ್ತದೆ.

ಕೊಲ್ಲಿ ರಾಷ್ಟ್ರಗಳ ಹಣ ಬಂದ ದಶಕಗಳಲ್ಲಿ ಪ್ರಾಸದ ಹೆಸರುಗಳು ಬಂದವು. ಮನೆಯ ಮೊದಲನೆಯವಳು ಲವಿನಾ ಆದರೆ ಎರಡನೆಯವಳು ಲವಿಟಾ, ಮೂರನೆಯವಳು ಲವೀಟಾ. ಜ್ಞಾನಸ್ನಾನದ ಪುಸ್ತಕದಲ್ಲಿ ಇವರನ್ನು ಹುಡುಕಿ ತೆಗೆಯುವ ಗುರುಗಳ ಪಾಡನ್ನು ಯಾರೂ ಯೋಚಿಸಿರಲಿಲ್ಲ. ತಂದೆಯ ಹೆಸರಿನ ತಲೆಯನ್ನೂ ತಾಯಿಯ ಹೆಸರಿನ ಬಾಲವನ್ನೂ ಸೇರಿಸಿ ಹೊಸ ಹೆಸರನ್ನು ಕಟ್ಟಿದವರೂ ಉಂಟು. ಈಗಿನವು ರಿಯಾ, ಸಿಯಾ, ಅನಾಯಾ, ಝಾರಾ, ಶನಾಯಾ. ಎರಡು ಮೂರು ಅಕ್ಷರ, ಕೊನೆಯಲ್ಲಿ ದೀರ್ಘ, ಯಾವ ದೇಶದ ವಿಮಾನ ನಿಲ್ದಾಣದಲ್ಲಿಯೂ ತೊಡರಿಲ್ಲದೆ ಕರೆಯಬಹುದಾದ ಹೆಸರುಗಳು. ಇದು ನಮ್ಮಲ್ಲಿ ಮಾತ್ರ ಆದದ್ದೆಂದು ಎದೆ ಬಡಿದುಕೊಳ್ಳಬೇಕಾಗಿಲ್ಲ. ಅಮೆರಿಕದ ಸರಕಾರಿ ದಾಖಲೆಗಳಲ್ಲಿ 1880ರಿಂದ 1961ರವರೆಗೆ, 1947ರಿಂದ 1952ರ ನಡುವೆ ಲಿಂಡಾ ಎಂಬ ಹೆಸರು ಮುಂದೆ ಬಂದ ಕೆಲವು ವರ್ಷಗಳನ್ನು ಬಿಟ್ಟರೆ, ಹೆಣ್ಣುಮಕ್ಕಳ ಮೊದಲ ಹೆಸರು ಮೇರಿಯೇ. ಇಂದು ಅಲ್ಲಿ ಒಲಿವಿಯಾ, ಎಮ್ಮಾ ಮುಂದಿದ್ದಾರೆ. ಮೇರಿ ಬಹಳ ಹಿಂದೆ ಬಿದ್ದಿದ್ದಾಳೆ.

ಇಂದಿನ ತಂದೆತಾಯಿಯರು ನಮ್ಮನ್ನು ತಪ್ಪದೆ ಕೇಳುವ ಒಂದು ಪ್ರಶ್ನೆಯಿದೆ: "ಫಾದರ್, ಈ ಹೆಸರಿನ ಅರ್ಥ ಒಳ್ಳೆಯದೇ?" ಮೊಬೈಲಿನಲ್ಲಿ ಆಗಲೇ ನೋಡಿರುತ್ತಾರೆ, ಆದರೂ ನಮ್ಮ ಬಾಯಿಂದ ಒಮ್ಮೆ ಬರಬೇಕು. ಅವರ ಅಜ್ಜಿಯರು ಇದನ್ನು ಕೇಳಿರಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು. ಸಿಸಿಲಿಯಾ ಎಂಬ ರೋಮನ್ ಮನೆತನದ ಹೆಸರಿನ ಮೂಲದಲ್ಲಿರುವುದು ಕುರುಡು ಎಂಬ ಶಬ್ದ, ಕ್ಲಾಡಿಯಾಳದರಲ್ಲಿ ಕುಂಟು. ಪ್ರಿಸಿಲ್ಲಾ ಎಂದರೆ ಹಳೆಯ ಕಾಲದವಳು. ಫ್ಲಾವಿಯಾ ಎಂದರೆ ಹೊಂಬಣ್ಣದ ಕೂದಲಿನವಳು. ನಮ್ಮ ಕರಿಗೂದಲಿನ ಫ್ಲಾವಿಯಾಗಳಿಗೆ ಇದನ್ನು ಹೇಳಿದಾಗ ಅವರು ನಕ್ಕು ಸಾಕಾದರು. ಶಾಲೆಯ ಕನ್ನಡ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಕಲಿತದ್ದು ಓದುಗರಿಗೆ ನೆನಪಿರಬಹುದು. ವ್ಯಕ್ತಿಗೆ ಗುರುತಿಗಾಗಿ ಇಟ್ಟದ್ದು ಅಂಕಿತ. ಅರ್ಥಕ್ಕೆ ಹೊಂದುವಂತೆ ಬಂದದ್ದು ಅನ್ವರ್ಥ. ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರ ಗ್ರಂಥದಲ್ಲಿ ಇದನ್ನೇ ಬೇರೆ ಬಗೆಯಲ್ಲಿ ವಾದಿಸಿದನು: ವ್ಯಕ್ತಿಯ ಹೆಸರು ಆ ವ್ಯಕ್ತಿಯನ್ನು ತೋರಿಸುತ್ತದೆ, ಅವನ ಗುಣವನ್ನು ಹೇಳುವುದಿಲ್ಲ. ನಮ್ಮ ಹಿರಿಯರು ಮಿಲ್ಲನನ್ನು ಓದದೆಯೇ ಅವನ ಪಕ್ಷದಲ್ಲಿದ್ದರು. ನತಾಲಿಯಾ ಎಂಬ ಹೆಸರಿಗೆ ಅವರ ಮನೆಯಲ್ಲಿ ಇದ್ದ ಅರ್ಥ ಕ್ರಿಸ್ಮಸ್ ಅಲ್ಲ. ಭತ್ತ ಕುಟ್ಟಿ ಏಳು ಮಕ್ಕಳನ್ನು ಸಾಕಿದ ಒಬ್ಬ ಹೆಂಗಸು. ಹೊಸ ಮಗುವಿಗೆ ಆ ಹೆಸರನ್ನಿಟ್ಟರೆ ಆ ಹೆಂಗಸಿನ ನೆನಪನ್ನು ಅದರ ಕೈಗೆ ಕೊಟ್ಟಂತೆ. ಇಂದಿನ ಹೆಸರುಗಳಿಗೆ ಅರ್ಥವಿದೆ, ಮಾಧುರ್ಯವಿದೆ. ಆದರೆ ಆ ಹೆಸರನ್ನು ಹೊತ್ತು ಬದುಕಿದವರು ಮನೆಯಲ್ಲಿ ಯಾರೂ ಇಲ್ಲ. ಜಗಲಿಯಲ್ಲಿ ಕುಳಿತಿದ್ದ ಬಾಯಿಯ ದುಃಖ ಇಷ್ಟೇ ಎಂದು ನಾವು ತಿಳಿದಿದ್ದೇವೆ. ಅದನ್ನು ಮುದುಕಿಯ ಅಹಂಕಾರವೆಂದು ಕರೆಯುವವರೊಂದಿಗೆ ನಮಗೆ ಸಮ್ಮತಿಯಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಹಿರಿಯರಿಗೆ ಮೆಚ್ಚುಗೆಯಾಗುತ್ತಿತ್ತು. ಆದರೆ ನಮ್ಮ ತಾಯಿಯವರು ಹೇಳಿದ ಒಂದು ಸಂಗತಿಯನ್ನು ಮರೆಮಾಚಿದಂತಾಗುತ್ತಿತ್ತು.

ಹಿಂದೆ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಜ್ಞಾನಸ್ನಾನವಾಗಬೇಕಿತ್ತು. ತಾಯಿ ಬಾಣಂತಿ ಕೋಣೆಯಲ್ಲಿರುತ್ತಿದ್ದಳು. ಜ್ಞಾನತಾಯಿ ಮಗುವನ್ನೆತ್ತಿಕೊಂಡು ಇಗರ್ಜಿಗೆ ಹೋಗುತ್ತಿದ್ದಳು. ಗುರುಗಳಿಗೆ ಹೆಸರನ್ನು ಹೇಳುತ್ತಿದ್ದವರು ಜ್ಞಾನತಂದೆತಾಯಿಯರು. ನಮ್ಮ ಅಕ್ಕ ಹುಟ್ಟಿದಾಗ, ತಮಗೆ ಐದನೆಯ ತರಗತಿಯಲ್ಲಿ ಓದು ಕಲಿಸಿದ ಶಿಕ್ಷಕಿಯ ನೆನಪಿಗೆ ಲೀಲಾ ಎಂದು ಕರೆಯಬೇಕೆಂಬ ಆಸೆ ನಮ್ಮ ತಾಯಿಯವರಿಗಿತ್ತು. ಎಂಟನೆಯ ದಿನ ಇಗರ್ಜಿಯಿಂದ ಹಿಂದಿರುಗಿದ ಹೆಂಗಸರು ಮಗುವನ್ನು ಪಕ್ಕದಲ್ಲಿ ಮಲಗಿಸಿ ಹೆಸರು ಹೇಳಿದರು: ಮೊಂತಿ, ಅತ್ತೆಯವರ ಹೆಸರು. "ನನ್ನ ಮಗಳ ಹೆಸರು ನನಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು" ಎಂದು ಎಂಬತ್ತು ದಾಟಿದ ಮೇಲೆ ಒಂದು ಸಂಜೆ ಹೇಳಿದರು. ನಾವು ಅದಕ್ಕೆ ಮೊದಲು ಕೇಳಿರಲಿಲ್ಲ. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವ ಹಾಗಿರಲಿಲ್ಲವಾದ್ದರಿಂದ ಅಕ್ಕನನ್ನು ಅವರು ಕೊನೆಯವರೆಗೂ ಬಾಯ್ ಎಂದೇ ಕರೆದರು. ಹೆಸರನ್ನು ಉಳಿಸಲೆಂದೇ ಇಟ್ಟ ಹೆಸರು ಹೆತ್ತವಳ ನಾಲಗೆಗೆ ನಿಷಿದ್ಧವಾಗಿತ್ತು.

1969ರ ಹೊಸ ಸಂಸ್ಕಾರವಿಧಿ ಇದನ್ನು ಬದಲಿಸಿತು. ತಂದೆತಾಯಿಯರು, ಸಾಧ್ಯವಾದಷ್ಟು ಮಟ್ಟಿಗೆ ತಾಯಿಯೂ, ಸಂಸ್ಕಾರದಲ್ಲಿ ಇರಬೇಕೆಂದೂ ಅವರದೇ ಮೊದಲ ಸ್ಥಾನವೆಂದೂ ಅದು ಹೇಳಿತು. ವಿಧಿಯ ಆರಂಭದಲ್ಲಿ ಗುರುಗಳು ಹೆಸರನ್ನು ಕೇಳುವುದು ಈಗ ತಂದೆತಾಯಿಯರನ್ನು. ಹೆಸರುಗಳು ಬದಲಾದುದಕ್ಕೆ ಸಿನಿಮಾವನ್ನೂ ಮೊಬೈಲನ್ನೂ ದೂರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಹೆತ್ತ ತಾಯಿ ತಾನು ಆರಿಸಿದ ಹೆಸರನ್ನು ದೇವಾಲಯದಲ್ಲಿ ತನ್ನ ಬಾಯಿಂದಲೇ ಹೇಳುವುದು ನಮ್ಮಲ್ಲಿ ಹೊಸದು.

ಗುರುಗಳ ಅಧಿಕಾರವೂ ಬದಲಾಗಿದೆ. 1917ರ ಧರ್ಮಸಭಾ ಕಾನೂನಿನ 761ನೆಯ ವಿಧಿಯಂತೆ ಮಗುವಿಗೆ ಕ್ರೈಸ್ತ ಹೆಸರಿಡುವಂತೆ ಗುರುಗಳು ನೋಡಿಕೊಳ್ಳಬೇಕಿತ್ತು. ತಂದೆತಾಯಿಯರು ಒಪ್ಪದಿದ್ದರೆ ಅವರ ಹೆಸರಿಗೆ ಒಬ್ಬ ಸಂತರ ಹೆಸರನ್ನು ತಾವೇ ಸೇರಿಸಿ ಎರಡನ್ನೂ ಬರೆಯಬೇಕಿತ್ತು. 1983ರ ಕಾನೂನಿನ 855ನೆಯ ವಿಧಿ ಇಷ್ಟನ್ನೇ ಕೇಳುತ್ತದೆ: ಕ್ರೈಸ್ತ ಭಾವನೆಗೆ ಪರಕೀಯವಾದ ಹೆಸರು ಬೇಡ. ನಾವು ಸಹಾಯಕ ಗುರುಗಳಾಗಿದ್ದ ಕಾಲದಲ್ಲಿ ಹೊಸ ಕಾನೂನನ್ನು ಓದಿದ್ದೆವು, ಆದರೆ ಹಳೆಯದರ ಹುರುಪು ನಮ್ಮಲ್ಲಿತ್ತು. ಒಂದು ಮಗುವಿನ ಹೆಸರು ನಮಗೆ ಹಿಡಿಸಲಿಲ್ಲ. ಯಾರನ್ನೂ ಕೇಳದೆ ಪುಸ್ತಕದಲ್ಲಿ ಅದರ ಮುಂದೆ ಮರಿಯಾ ಎಂದು ಬರೆದುಬಿಟ್ಟೆವು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಆ ಹುಡುಗಿ ನರ್ಸ್ ಆಗಿ, ವಿದೇಶದಲ್ಲಿ ಕೆಲಸವೂ ಮದುವೆಯೂ ಗೊತ್ತಾಗಿ, ಜ್ಞಾನಸ್ನಾನದ ಪತ್ರ ತೆಗೆದಾಗ ಅದರ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ತಾಳೆಯಾಗಲಿಲ್ಲ. ಅಫಿಡವಿಟ್, ಧರ್ಮಾಧ್ಯಕ್ಷರ ಕಚೇರಿಯ ಅನುಮತಿ ಎಂದು ಅವಳ ತಂದೆ ಅಲೆದ ದಿನಗಳಿಗೆ ಕಾರಣ ನಮ್ಮ ಲೇಖನಿ. ಕ್ಷಮೆ ಕೇಳಲು ಹೋದಾಗ ಅವಳ ತಾಯಿ ಕಾಫಿ ಕೊಟ್ಟು, "ಹೆಸರು ಚೆನ್ನಾಗಿರಲಿಲ್ಲವೆಂದು ಅವತ್ತೇ ಹೇಳಬಹುದಿತ್ತಲ್ಲ ಫಾದರ್" ಎಂದರು.

ಕಾಗದದ ಮಾತು ಈಗ ಇನ್ನೂ ಗಂಭೀರವಾಗಿದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟು ಮೊದಲಾದವಕ್ಕೆ ಹುಟ್ಟಿದ ದಿನದ ಮತ್ತು ಸ್ಥಳದ ದಾಖಲೆ ಜನನ ಪ್ರಮಾಣಪತ್ರವೇ. ಆದ್ದರಿಂದ ಹೆಸರು ಮೊದಲು ಸರಕಾರದ ಕಾಗದದಲ್ಲಿ ನಿಲ್ಲುತ್ತದೆ, ಆಮೇಲೆ ಇಗರ್ಜಿಗೆ ಬರುತ್ತದೆ. ನಾವು ಹೆಸರನ್ನು ಕೇಳುವ ಹೊತ್ತಿಗೆ ಉತ್ತರಕ್ಕೆ ಮೊಹರು ಬಿದ್ದಿರುತ್ತದೆ. ಅಜ್ಜಿಯೊಡನೆ ಮಾತಾಡುವುದಿದ್ದರೆ ಹೆರಿಗೆಗೆ ಮೊದಲೇ ಮಾತಾಡಿಕೊಳ್ಳಿರೆಂದು ನಮ್ಮ ಯುವ ದಂಪತಿಗಳಿಗೆ ಈಗ ಹೇಳುತ್ತಿದ್ದೇವೆ.

ಆ ಭಾನುವಾರ ಕಿಯಾರಾ ಎಂಬ ಹೆಸರಿಗೆ ನಮ್ಮ ಆಕ್ಷೇಪವೇನೂ ಇರಲಿಲ್ಲ. ಹಿಂದಿ ಚಿತ್ರನಟಿಯ ಹೆಸರನ್ನು ಟಿ.ವಿ.ಯಲ್ಲಿ ಕೇಳಿ ಇಷ್ಟಪಟ್ಟೆವೆಂದು ತಂದೆಯವರು ಸಂಕೋಚದಿಂದ ಹೇಳಿದರು. ಅಸಿಸ್ಸಿಯ ಸಂತ ಕ್ಲಾರಳನ್ನು ಇಟಲಿಯವರು ಅವರ ಭಾಷೆಯಲ್ಲಿ ಕರೆಯುವುದು ಹೀಗೆಯೇ, ಆಕೆ 1958ರಲ್ಲಿ ಟೆಲಿವಿಷನ್ನಿಗೆ ಪಾಲಕಿಯೆಂದು ಘೋಷಿತಳಾದವಳು ಎಂದು ನಾವು ತಿಳಿಸಿದಾಗ ಅವರಿಗೆ ನಂಬಿಕೆಯಾಗಲಿಲ್ಲ. 1990ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ ಎಲುಬಿನ ಕ್ಯಾನ್ಸರಿನಿಂದ ತೀರಿಕೊಂಡು, 2010ರಲ್ಲಿ ಧನ್ಯಳೆಂದು ಘೋಷಿತಳಾದ ಇಟಲಿಯ ಕಿಯಾರಾ ಬದಾನೊ ಎಂಬ ಹುಡುಗಿಯ ವಿಷಯವನ್ನೂ ಹೇಳಿದೆವು. ತಾಯಿ ಅದನ್ನು ಮೊಬೈಲಿನಲ್ಲಿ ಬರೆದುಕೊಂಡಳು. ಆದರೆ ಇದೊಂದೂ ಜಗಲಿಯವರೆಗೆ ತಲಪುವ ಉತ್ತರವಾಗಿರಲಿಲ್ಲ. ಅಲ್ಲಿ ಕುಳಿತವರ ಹೆಸರು ಕ್ಲಾರಾ ಅಲ್ಲ.

ಈ ಬಾರಿ ನಾವು ಲೇಖನಿ ಎತ್ತುವ ಮೊದಲು ಮಗುವಿನ ತಾಯಿಯನ್ನು ಕೇಳಿದೆವು. "ಅತ್ತೆಯ ಹೆಸರು ಬೇಡವೆಂದು ನಾನು ಹೇಳಿಲ್ಲ ಫಾದರ್. ಅವರಿಗೆ ಆಸೆಯಿದೆಯೆಂದು ನನಗೆ ಯಾರೂ ಹೇಳಲಿಲ್ಲ" ಎಂದಳು. ತಂದೆಯವರು ಕಿಟಕಿಯ ಹೊರಗೆ ನೋಡಿದರು. ಅತ್ತೆ, ಸೊಸೆ ಕೇಳಲೆಂದು ಕಾದಿದ್ದರು. ಸೊಸೆ, ಅತ್ತೆ ಹೇಳಲೆಂದು ಕಾದಿದ್ದಳು. ನಡುವೆ ಇದ್ದ ಮಗ ಕುವೈತಿನಿಂದ ದಿನವೂ ಇಬ್ಬರೊಡನೆಯೂ ಫೋನಿನಲ್ಲಿ ಮಾತಾಡಿದ್ದನು.

ಜ್ಞಾನಸ್ನಾನದ ದಿನ ಪುಸ್ತಕದಲ್ಲಿ ಕಿಯಾರಾ ನತಾಲಿಯಾ ಎಂದು ಬರೆದೆವು. ಸರಕಾರಿ ದಾಖಲೆಯಲ್ಲಿರುವುದು ಕಿಯಾರಾ ಮಾತ್ರವೆಂದು, ಮುಂದೆ ಯಾರೂ ಅಲೆಯದಿರಲೆಂದು, ಷರಾ ಅಂಕಣದಲ್ಲಿ ನಮೂದಿಸಿದೆವು. ಅಜ್ಜಿಯವರು ಕನ್ನಡಕ ಹಾಕಿಕೊಂಡು ಎರಡೂ ಹೆಸರುಗಳನ್ನು ಓದಿದರು. "ಮೊದಲಿನದ್ದು ಹೇಳಲಿಕ್ಕೆ ಅಷ್ಟೇನೂ ಕಷ್ಟವಿಲ್ಲ" ಎಂದರು.

ತಮ್ಮ ಅಜ್ಜಿಯ, ಮುತ್ತಜ್ಜಿಯ ಜ್ಞಾನಸ್ನಾನದ ಹೆಸರನ್ನು ತಿಳಿಯಬಯಸುವವರು ಹುಟ್ಟಿದ ವರ್ಷವನ್ನು ಅಂದಾಜಿಗಾದರೂ ಹಿಡಿದುಕೊಂಡು ತಮ್ಮ ತಮ್ಮ ಧರ್ಮಕೇಂದ್ರಗಳಲ್ಲಿ ಕೇಳಬಹುದು. ನಮ್ಮಲ್ಲಿಗೆ ಬರುವವರು ಸೋಮವಾರವನ್ನು ಬಿಟ್ಟು ಬೇರೆ ದಿನಗಳಲ್ಲಿ ಬೆಳಗಿನ ಪೂಜೆಯ ಅನಂತರ ಬರಲಿ. ಹಳೆಯ ಪುಸ್ತಕಗಳ ಹಾಳೆ ಮೆತ್ತಗಾಗಿದೆ; ಪುಟಗಳನ್ನು ನಾವೇ ತಿರುವುತ್ತೇವೆ.